ಮನೆಪಾಠದಲ್ಲಿ ಚರಿತ್ರೆಯ ಅಳತೆ

ಹದಿಮೂರು ವರ್ಷದ ಒಬ್ಬ ಹುಡುಗಿ ಕಂದಪದ್ಯಕ್ಕೆ ಪ್ರಸ್ತಾರ ಹಾಕಿ ಗಣ ವಿಂಗಡಿಸಬಲ್ಲಳು; ಆದರೆ ತನ್ನ ಮುತ್ತಜ್ಜನ ಹೆಸರಿಗೆ ಬರೆದ ಗೇಣಿಚೀಟಿಯನ್ನು ಓದಿ ಅರ್ಥಮಾಡಿಕೊಳ್ಳಲಾರಳು. ಇಂತಹದೊಂದು ವಿಚಿತ್ರವನ್ನು ನಾನು ಈಚೆಗೆ ಕಣ್ಣಾರೆ ಕಂಡೆ. ತಪ್ಪು ಹುಡುಗಿಯದೆಂದು ಯಾರೂ ಹೇಳಲಾರರು. ಅದು ಅವಳಿಗೆ ಪಾಠ ಹೇಳಿದವರದು. ಪಾಠ ಹೇಳಿದವಳು ನಾನು.

ಹುಡುಗಿ ನನ್ನ ತಂಗಿಯ ಮಗಳು. ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅವರ ವಾಸ. ಮಗಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವೆವೆಂದು ತಂದೆತಾಯಿಗಳು ನಿರ್ಧರಿಸಿದಾಗ ಬಂಧುಗಳಲ್ಲಿ ಅನೇಕರು ಮೂಗು ಮುರಿದರು. ಮೊದಲು ನಾನೂ ಆ ಪಕ್ಷದವಳೇ. ವಯಸ್ಸು ಬಂದಾಗ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಪರೀಕ್ಷೆಗೆ ಕೂಡಿಸುವುದು, ಅದುವರೆಗೆ ಮನೆಯೇ ಶಾಲೆ, ಎಂಬುದು ಅವರ ಯೋಜನೆ. ಗಣಿತವೂ ವಿಜ್ಞಾನವೂ ತಂದೆಯ ಪಾಲಿಗೆ ಬಂದುವು, ಇಂಗ್ಲಿಷು ತಾಯಿಯ ಪಾಲಿಗೆ. ಕನ್ನಡವನ್ನೂ ಚರಿತ್ರೆಯನ್ನೂ ಭಾನುವಾರದ ದೊಡ್ಡಮ್ಮನಿಗೆ ವಹಿಸಿದರು. ಚರಿತ್ರೆ ನನ್ನ ಶಾಸ್ತ್ರವಲ್ಲ. ನಾನು ಕಾಲೇಜಿನಲ್ಲಿ ಕನ್ನಡ ಹೇಳುವವಳು. ಆದರೆ ಶಾಸನಗಳ ಸಹವಾಸವಿಲ್ಲದೆ ನಮ್ಮಲ್ಲಿ ಯಾರೂ ಕನ್ನಡ ಎಂ.ಎ. ಆಗುವುದಿಲ್ಲವಷ್ಟೆ, ಆ ಧೈರ್ಯದ ಮೇಲೆ ಒಪ್ಪಿಕೊಂಡೆ.

ನಾಲ್ಕು ವರ್ಷಗಳಿಗೆ ಒಂದು ಪಾಠಪಟ್ಟಿ ಬರೆದೆ. ಮೊದಲನೆಯ ವರ್ಷ ಕದಂಬರಿಂದ ರಾಷ್ಟ್ರಕೂಟರವರೆಗೆ, ಎರಡನೆಯದು ಕಲ್ಯಾಣದ ಚಾಲುಕ್ಯರು, ಹೊಯ್ಸಳರು, ಸೇವುಣರು, ಮೂರನೆಯದು ವಿಜಯನಗರ, ನಾಲ್ಕನೆಯದು "ಉಳಿದುದು". ಈ "ಉಳಿದುದು" ಎಂಬ ಪದವನ್ನು ನನ್ನ ಕೈಯಾರೆ ಬರೆದಿದ್ದೇನೆ. ವಿಜಾಪುರದ ಆದಿಲ್‌ಶಾಹಿಗಳು, ಕೆಳದಿಯ ನಾಯಕರು, ಮೈಸೂರಿನ ಒಡೆಯರು, ಹೈದರ್ ಮತ್ತು ಟಿಪ್ಪು, ಇಂಗ್ಲಿಷರ ಆಳ್ವಿಕೆ, ಬರಗಾಲ, ಸ್ವಾತಂತ್ರ್ಯ, ಏಕೀಕರಣ, ಭೂಸುಧಾರಣೆ ಎಲ್ಲವೂ ಅದರೊಳಗೆ ಅಡಕ. ನಾಲ್ಕು ನೂರ ಅರುವತ್ತು ವರ್ಷಗಳಿಗೆ ಒಂದು ವರ್ಷ. ಅದೂ ಕೊನೆಯ ವರ್ಷ. ಮನೆಪಾಠದಲ್ಲಿ ಗಂಟೆ ಬಾರಿಸುವವರಿಲ್ಲ, ತನಿಖಾಧಿಕಾರಿ ಬರುವುದಿಲ್ಲ. ಮೇಷ್ಟ್ರ ಪ್ರೀತಿಯೇ ಪಠ್ಯಕ್ರಮವಾಗಿಬಿಡುತ್ತದೆ. ಮೂರನೆಯ ವರ್ಷ ಮುಗಿಯುವ ಹೊತ್ತಿಗೆ ನಾವಿಬ್ಬರೂ ಇನ್ನೂ ಬೇಲೂರಿನ ಜಗಲಿಯ ಮೇಲೆ ಕುಳಿತಿದ್ದೆವು.

ಹಾಗೆ ಕುಳಿತುದರಲ್ಲಿ ಸುಖವಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದ ಅವರ ಮನೆಯಿಂದ ಒಂದು ದಿನದಲ್ಲಿ ಹೋಗಿಬರುವ ದಾರಿ. ಪ್ರಣವೇಶ್ವರ ದೇವಾಲಯದ ಎದುರಿನ ಕಂಬದ ಮುಂದೆ ಹುಡುಗಿಯನ್ನು ನಿಲ್ಲಿಸಿ, ಮಯೂರಶರ್ಮನು ಗುರುವಿನೊಡನೆ ಕಂಚಿಯ ಘಟಿಕೆಗೆ ಓದಲು ಹೋದುದನ್ನೂ, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ದರ್ಭೆ ಹಿಡಿದ ಕೈ ಕತ್ತಿ ಹಿಡಿದುದನ್ನೂ ಹೇಳಿದೆ. ಆ ಶಾಸನವನ್ನು ರಚಿಸಿದ ಕುಬ್ಜನು ಕವಿಯೆಂದೂ, ಅದು ನಿಜವಾಗಿ ಕಾಕುಸ್ಥವರ್ಮನು ಅಲ್ಲೊಂದು ಕೆರೆ ಕಟ್ಟಿಸಿದುದನ್ನು ತಿಳಿಸಲು ಹುಟ್ಟಿದುದೆಂದೂ ಹೇಳಿದಾಗ ಅವಳು, "ಇಷ್ಟು ದೊಡ್ಡ ಕಥೆ ಒಂದು ಕೆರೆಗೋಸ್ಕರವೇ, ದೊಡ್ಡಮ್ಮ?" ಎಂದು ಕೇಳಿದಳು. ಇಂತಹ ಪ್ರಶ್ನೆ ಕೇಳುವ ವಿದ್ಯಾರ್ಥಿ ಸಿಕ್ಕರೆ ಯಾವ ಅಧ್ಯಾಪಕಿ ತಾನೆ ಮುಂದಕ್ಕೆ ಹೋಗಲು ಅವಸರಪಡುತ್ತಾಳೆ? ಪಕ್ಕದಲ್ಲಿಯೇ ಬಳ್ಳಿಗಾವಿ, ವಿದ್ಯಾದಾನಕ್ಕೂ ಅನ್ನದಾನಕ್ಕೂ ರೋಗಿಗಳ ಶುಶ್ರೂಷೆಗೂ ಹೆಸರಾದ ಕೋಡಿಯ ಮಠ, ಅಲ್ಲಮ, ಅಕ್ಕ ಹುಟ್ಟಿದ ಸೀಮೆ. ಪ್ರಾಚೀನವೆಂಬುದು ಮುಗಿದು ಮುಚ್ಚಿಟ್ಟ ಪುಸ್ತಕವೂ ಅಲ್ಲ. ತಾಳಗುಂದದಲ್ಲಿಯೇ 2013ರ ಸುಮಾರಿನಲ್ಲಿ ನಡೆದ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನದ ಶಾಸನವನ್ನು ಕೆಲವು ವಿದ್ವಾಂಸರು ಹಲ್ಮಿಡಿಯ ಶಾಸನಕ್ಕಿಂತಲೂ ಹಿಂದಿನದೆಂದು ಎಣಿಸಿದ್ದಾರೆ. ಅಗೆದಷ್ಟೂ ಹಿಂದಕ್ಕೆ ಎಳೆಯುವ ಸೆಳೆತ ಅದರದು.

ಪಾಠ ನಡೆಯುತ್ತಿದ್ದುದು ಜಗಲಿಯಲ್ಲಿ. ಅದರ ಇನ್ನೊಂದು ಕೊನೆಯಲ್ಲಿ ಹುಡುಗಿಯ ಅಜ್ಜ, ಎಂದರೆ ನನ್ನ ತಂಗಿಯ ಮಾವನವರು, ಅಡಿಕೆ ಸುಲಿಯುತ್ತಲೋ ಸುಮ್ಮನೆಯೋ ಕುಳಿತು ಕೇಳುತ್ತಿದ್ದರು. ಎಂಬತ್ತು ದಾಟಿದ ಜೀವ. ಅವರ ಹುಟ್ಟೂರು ಶರಾವತಿಯ ದಂಡೆಯಲ್ಲಿದ್ದಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಹೊಳೆ ಹಿಂದಕ್ಕೆ ನಿಂತಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ಆಗ ಅವರಿಗೆ ಇಪ್ಪತ್ತಮೂರು ವರ್ಷ. ಒಂದು ದಿನ ನನ್ನನ್ನು ಕೇಳಿದರು: "ತಂಗೀ, ಈ ರಾಜರೆಲ್ಲ ಮುಗಿದಮೇಲೆ ನಮ್ಮ ಹೊಳೆ ಕಥೆಗೂ ಬರ್ತೀಯಲ್ಲ?" ನಾನು, "ಬರ್ತೇವೆ ಮಾವ, ನಾಲ್ಕನೇ ವರ್ಷಕ್ಕೆ" ಎಂದೆ. ಅವರು ನಕ್ಕರು. ಆ ನಗೆಯ ಅರ್ಥ ನನಗೆ ಆಗ ಹೊಳೆಯಲಿಲ್ಲ. ಮೂರನೆಯ ವರ್ಷದ ಮಳೆಗಾಲದಲ್ಲಿ, ನಾವು ಹೊಯ್ಸಳ ಶಿಲ್ಪದ ನಕ್ಷತ್ರಾಕಾರದ ಜಗತಿಯನ್ನು ಕಾಗದದ ಮೇಲೆ ಬರೆಯುತ್ತಿದ್ದ ವಾರ, ಅವರು ತೀರಿಹೋದರು.

ಅವರು ಹೋದಮೇಲೆ ಮಾಳಿಗೆಯ ಮೇಲಿದ್ದ ತಗಡಿನ ಪೆಟ್ಟಿಗೆಯನ್ನು ಇಳಿಸಿದರು. ಅದರಲ್ಲಿ ಕಂದಾಯದ ರಸೀತಿಗಳು, ಒಂದೆರಡು ನೋಟೀಸುಗಳು, ಅವರ ತಂದೆಯ ಕಾಲದ ಗೇಣಿಚೀಟಿಗಳು. ಹುಡುಗಿ ಒಂದು ಚೀಟಿಯನ್ನು ನನ್ನ ಮುಂದೆ ಹಿಡಿದು, "ದೊಡ್ಡಮ್ಮ, ಗೇಣಿ ಅಂದರೇನು?" ಎಂದಳು. 'ಅರುವಣ' ಎಂದರೆ ಒಂದು ಬಗೆಯ ತೆರಿಗೆಯೆಂದು ಅವಳಿಗೆ ಗೊತ್ತು, ಶಾಸನಪಾಠದಲ್ಲಿ ಹೇಳಿಕೊಟ್ಟಿದ್ದೆ. ತನ್ನ ಮನೆಯವರು ಮೂರು ತಲೆಮಾರು ಅಳೆದುಕೊಟ್ಟ ಗೇಣಿ ಗೊತ್ತಿಲ್ಲ. ಅವಳ ಅಜ್ಜನನ್ನು ಕೇಳಬೇಕಾಗಿದ್ದ ಪ್ರಶ್ನೆಗಳು ಆಮೇಲೆ ಒಂದೊಂದಾಗಿ ಬಂದುವು. ಗದ್ದೆ ಒಡೆಯರದು, ಉಳುಮೆ ಇವರದು. ಮುಳುಗಿದಾಗ ಪರಿಹಾರ ಯಾರ ಕೈಗೆ ಬಂದಿತು? ಊರಿನಿಂದ ಎತ್ತಿನ ಗಾಡಿಯಲ್ಲಿ ಏನನ್ನು ತಂದರು, ಏನನ್ನು ಬಿಟ್ಟರು? ಊರ ದೇವರನ್ನು ಯಾರು ಹೊತ್ತರು? ಮೂರು ವರ್ಷ ಹತ್ತು ಮಾರು ದೂರದಲ್ಲಿ ಉತ್ತರ ಕುಳಿತಿದ್ದಿತು. ತಾಳಗುಂದದ ಕಂಬ ಸಾವಿರದ ಐನೂರು ವರ್ಷ ನಮಗಾಗಿ ಕಾದಿದೆ. ಇನ್ನು ನಾಲ್ಕು ವರ್ಷ ಕಾಯುವುದು ಅದಕ್ಕೆ ಕಷ್ಟವಾಗುತ್ತಿರಲಿಲ್ಲ.

ಈ ತಪ್ಪು ನನ್ನೊಬ್ಬಳ ಸ್ವಭಾವದಿಂದ ಆದುದಲ್ಲವೆಂದು ನನ್ನ ಎಣಿಕೆ. ನಮ್ಮ ಕಾಲೇಜುಗಳ ಸಾಹಿತ್ಯಚರಿತ್ರೆಯ ಪಾಠವನ್ನೇ ನೋಡಬಹುದು. ಪಂಪ, ರನ್ನರಿಗೆ ವಾರಗಟ್ಟಲೆ. ವಚನಕಾರರಿಗೆ, ಕುಮಾರವ್ಯಾಸನಿಗೆ ಗೌರವದ ಪಾಲು. ಲಕ್ಷ್ಮೀಶನನ್ನು ದಾಟಿದೊಡನೆ ಕುದುರೆ ನಾಗಾಲೋಟ ಹೂಡಿ ಮುದ್ದಣನ ಮನೆಯ ಬಾಗಿಲಲ್ಲಿ ನಿಲ್ಲುತ್ತದೆ. ನಡುವೆ ಸಂಚಿಯ ಹೊನ್ನಮ್ಮನಿಗೆ ಒಂದು ಗಂಟೆ. ಕೆಳದಿಯ ಅರಸರ ಕಥೆಯನ್ನು ಕಾವ್ಯವಾಗಿ ಹೇಳಿದ ಲಿಂಗಣ್ಣನ 'ಕೆಳದಿನೃಪವಿಜಯ'ದ ಹೆಸರನ್ನು ನನ್ನ ಎಂ.ಎ. ತರಗತಿಯಲ್ಲಿ ಒಮ್ಮೆ ಉಚ್ಚರಿಸಿದ ನೆನಪು. ಕೆಳದಿ ಇರುವುದು ನನ್ನ ತಂಗಿಯ ತಾಲ್ಲೂಕಿನಲ್ಲಿಯೇ. 1843ರ 'ಮಂಗಳೂರ ಸಮಾಚಾರ' ಪರೀಕ್ಷೆಯ ಒಂದು ಅಂಕದ ಪ್ರಶ್ನೆ ಮಾತ್ರ.

ಹೀಗೇಕಾಯಿತೆಂಬುದಕ್ಕೆ ಒಂದು ಗೌರವಾರ್ಹವಾದ ಕಾರಣವಿದೆ. ಆಲೂರು ವೆಂಕಟರಾಯರು 'ಕರ್ನಾಟಕ ಗತವೈಭವ'ವನ್ನು ಹೊರತಂದುದು 1917ರಲ್ಲಿ. ಆಗ ಕರ್ನಾಟಕವೆಂಬುದು ಭೂಪಟದಲ್ಲಿ ಇರಲಿಲ್ಲ. ಮುಂಬಯಿ, ಮದರಾಸು, ನಿಜಾಮರ ಹೈದರಾಬಾದು, ಮೈಸೂರು, ಕೊಡಗು, ಇನ್ನೂ ಹಲವು ಸಣ್ಣ ಸಂಸ್ಥಾನಗಳು ಎಂದು ಕನ್ನಡಿಗರು ಹಂಚಿಹೋಗಿದ್ದರು. ಧಾರವಾಡದವನಿಗೂ ಮೈಸೂರಿನವನಿಗೂ ಈಚಿನ ಇನ್ನೂರು ವರ್ಷಗಳ ಚರಿತ್ರೆಯಲ್ಲಿ ಒಂದಾಗಿ ಹೇಳಿಕೊಳ್ಳಲು ಏನಿದ್ದಿತು? ಒಬ್ಬನು ಪೇಶ್ವೆಯ ಕೆಳಗಿದ್ದವನು, ಇನ್ನೊಬ್ಬನು ಒಡೆಯರ ಕೆಳಗಿದ್ದವನು. ಇಬ್ಬರಿಗೂ ಒಂದೇ ಮನೆಯೆಂದು ತೋರಿಸಬೇಕಾದರೆ ಪುಲಕೇಶಿಯವರೆಗೆ, ನೃಪತುಂಗನವರೆಗೆ ಹಿಂದಕ್ಕೆ ನಡೆಯಲೇಬೇಕಾಗಿದ್ದಿತು. ಪ್ರಾಚೀನ ಚರಿತ್ರೆ ಆ ತಲೆಮಾರಿಗೆ ಮದ್ದು; ಅದನ್ನು ಕುಡಿದೇ ನಾಡು ಎದ್ದು ಕುಳಿತದ್ದು. 1956ರ ನವೆಂಬರ್ 1ರಂದು ಆ ಕೆಲಸ ಕೈಗೂಡಿತು, 1973ರಲ್ಲಿ ಹೆಸರೂ ಬಂದಿತು. ರೋಗ ವಾಸಿಯಾದಮೇಲೂ ಅದೇ ಮದ್ದನ್ನು ಅದೇ ಪ್ರಮಾಣದಲ್ಲಿ ಕುಡಿಸುತ್ತಿರುವವರು ನಾವು. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯೆಂಬ ಸ್ಥಾನ ದೊರೆತಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಆದರೆ ಆ ಸ್ಥಾನಕ್ಕೆ ವಯಸ್ಸೇ ಮುಖ್ಯ ಅರ್ಹತೆಯಾದುದರಿಂದ ಹಳೆಯದೆಲ್ಲ ಬೆಲೆಯುಳ್ಳದ್ದು, ಬೆಲೆಯುಳ್ಳದ್ದೆಲ್ಲ ಹಳೆಯದು ಎಂಬ ಭಾವನೆ ನಮ್ಮಲ್ಲಿ ಇನ್ನಷ್ಟು ಗಟ್ಟಿಯಾಯಿತು.

ಇನ್ನೊಂದು ಕಾರಣ ಅಷ್ಟು ಗೌರವದ್ದಲ್ಲ. ಈಚಿನ ಚರಿತ್ರೆ ಜಗಳಗಂಟಿ. ಟಿಪ್ಪುವಿನ ಹೆಸರೆತ್ತಿದರೆ ನನ್ನ ತಂಗಿಯ ಮನೆಯ ಊಟದ ಪಂಕ್ತಿಯಲ್ಲಿಯೇ ಎರಡು ಪಕ್ಷವಾಗುತ್ತದೆ. ಭೂಸುಧಾರಣೆಯೆಂದರೆ ಒಂದು ಮನೆಗೆ ಬಂದ ಗದ್ದೆ ಇನ್ನೊಂದು ಮನೆಯಿಂದ ಹೋದ ಗದ್ದೆ. ಎರಡೂ ಮನೆಯ ಮಕ್ಕಳು ಒಂದೇ ಕೇರಿಯಲ್ಲಿ ಆಡುತ್ತಾರೆ. 1565ರ ರಕ್ಕಸ-ತಂಗಡಿಯ ಆಚೆಗೆ ವೈಭವ ಕಡಿಮೆ, ಸಾಲ, ಸೋಲು, ಕ್ಷಾಮ ಹೆಚ್ಚು. ಧಾತು, ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ಹೇಳುತ್ತಿದ್ದ 1876-78ರ ಕ್ಷಾಮದ ಮೊದಲು ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೂ ತುಸು ಮೇಲೆ. 1881ರ ಎಣಿಕೆಯಲ್ಲಿ ಅದು 42 ಲಕ್ಷದೊಳಗೆ ಇಳಿಯಿತು. ಇದನ್ನು ಮಗುವಿಗೆ ಹೇಗೆ ಹೇಳುವುದು? ಕದಂಬರಾದರೋ ವಾರಸುದಾರರಿಲ್ಲದ ಆಸ್ತಿ, ಯಾರೂ ಬಾಗಿಲಿಗೆ ಬಂದು ತಕರಾರು ಮಾಡುವುದಿಲ್ಲ. (ಈಗೀಗ ಅವರ ಹೆಸರಿನಲ್ಲಿಯೂ ತಕರಾರುಗಳಿವೆ, ಆ ಮಾತು ಬೇರೆ.) ಪ್ರಾಚೀನದ ಮೇಲಿನ ನಮ್ಮ ಪ್ರೀತಿಯಲ್ಲಿ ಈ ಅಂಜಿಕೆಯ ಪಾಲು ಎಷ್ಟೆಂಬುದನ್ನು ಅಧ್ಯಾಪಕರು ತಮ್ಮಷ್ಟಕ್ಕೆ ತಾವು ಕೇಳಿಕೊಳ್ಳುವುದು ಒಳ್ಳೆಯದು.

ಚರಿತ್ರೆಯ ಅಧ್ಯಾಪಕರೊಬ್ಬರು, ನನ್ನ ಹಿರಿಯ ಸಹೋದ್ಯೋಗಿ, ಇದನ್ನೆಲ್ಲ ಕೇಳಿ ಸುಮ್ಮನಿರಲಿಲ್ಲ. "ಕಾಲಾನುಕ್ರಮವನ್ನು ಕೆಡಿಸಬೇಡಿ. ಬೇರಿನಿಂದ ಬರದೆ ಕೊಂಬೆಯನ್ನು ತೋರಿಸಿದರೆ ಮಗುವಿಗೆ ದಿಕ್ಕು ತಪ್ಪುತ್ತದೆ" ಎಂದರು. ಅನುಕ್ರಮದ ಮಾತು ನನಗೂ ಒಪ್ಪಿಗೆ. ಮೊದಲಿಂದ ಹೊರಡಲಿ, ಆದರೆ ಮೊದಲಲ್ಲಿಯೇ ಮನೆ ಕಟ್ಟಿಕೊಂಡು ಕೂಡುವುದು ಬೇಡ. ಹತ್ತಿರದವರ ನೆನಪನ್ನಾದರೋ ಅನುಕ್ರಮಕ್ಕೆ ಕಾಯಿಸಲೇಬಾರದು. ಅದು ಮೊದಲ ವರ್ಷದ ಮೊದಲ ಭಾನುವಾರದಿಂದಲೇ ನಡೆಯಬೇಕಾದ ಕೆಲಸ. ಪಾಠವಾಗಿ ಆಗದಿದ್ದರೂ ಸಂಗ್ರಹವಾಗಿ ಆದರೂ ನಡೆಯಲಿ. ಅರ್ಥ ಆಮೇಲೆ ಬರುತ್ತದೆ.

ಇನ್ನು ಪ್ರಾಚೀನವನ್ನು ಕತ್ತರಿಸಿ ಎಸೆಯಬೇಕೆನ್ನುವವರೂ ಇದ್ದಾರೆ. ಮಗುವಿಗೆ ಇಂದಿನದು ಸಾಕು, ಸತ್ತ ರಾಜರ ಪಟ್ಟಿ ಏಕೆ ಎಂಬುದು ಅವರ ವಾದ. ಅದಕ್ಕೆ ಉತ್ತರವನ್ನು ಆ ಗೇಣಿಚೀಟಿಯೇ ಕೊಟ್ಟಿತು. ಹುಡುಗಿಗೆ ಗೇಣಿ ಗೊತ್ತಿರಲಿಲ್ಲ, ನಿಜ. ಆದರೆ ಚೀಟಿಯ ತಲೆಯಲ್ಲಿ ಇಸವಿ ಇರಲಿಲ್ಲ. "ಪಾರ್ಥಿವ ಸಂವತ್ಸರ" ಎಂದು ಮಾತ್ರ ಇದ್ದಿತು. ಶಾಸನಗಳ ಶಕವರ್ಷವನ್ನೂ ಸಂವತ್ಸರಚಕ್ರವನ್ನೂ ಕಲಿತಿದ್ದ ಅವಳು ಬೆರಳು ಮಡಿಸಿ, "1945" ಎಂದಳು. ಅವಳ ತಂದೆ ಆ ಲೆಕ್ಕ ಮಾಡಲಾರದೆ ಹೋದರು. ಅದೇ ಚೀಟಿಯಲ್ಲಿ ಇನ್ನೊಂದು ಪದವನ್ನೂ ಅವಳು ಗುರುತಿಸಿದಳು: 'ಕೊಳಗ'. "ಇದು ಶಾಸನದ ಪದವಲ್ಲವೆ?" ಎಂದಳು.

ಆ ಪದವೇ ಈಗ ನಮ್ಮ ಪಾಠಕ್ಕೆ ದಾರಿಯಾಗಿದೆ. ನಮ್ಮ ಶಾಸನಗಳಲ್ಲಿ ಗದ್ದೆಯನ್ನು ಮತ್ತರು, ಕಂಬಗಳಲ್ಲಿ ಅಳೆದರೆ ಭತ್ತವನ್ನು ಕೊಳಗ, ಖಂಡುಗಗಳಲ್ಲಿ ಅಳೆದಿದ್ದಾರೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗವನ್ನು ಹಿಡಿದುಕೊಂಡು ಹೊರಟರೆ ಕಾಲದಿಂದ ಕಾಲಕ್ಕೆ ಸೇತುವೆ ತಾನಾಗಿ ಬೀಳುತ್ತದೆ. ದೇವಸ್ಥಾನಕ್ಕೆ ಬಿಟ್ಟ ಭತ್ತ ಯಾರ ಗದ್ದೆಯದು ಎಂದು ಬಳ್ಳಿಗಾವಿಯಲ್ಲಿ ಕೇಳಬಹುದು. ಅಲ್ಲಿಂದ ಹದಿನೇಳನೆಯ ಶತಮಾನದ ಕೆಳದಿಗೆ ಬಂದರೆ ಶಿವಪ್ಪನಾಯಕನ ಶಿಸ್ತು. ಊರೂರಿನಲ್ಲಿಯೂ ಬಗೆಬಗೆಯ ನೆಲದಲ್ಲಿ ಒಂದೊಂದು ಗದ್ದೆಯನ್ನು ಆರಿಸಿ, ಹಲವು ವರ್ಷ ತನ್ನ ಖರ್ಚಿನಲ್ಲಿಯೇ ಬೆಳೆ ತೆಗೆಸಿ, ಬಿತ್ತಿದ್ದೆಷ್ಟು ಬೆಳೆದದ್ದೆಷ್ಟು ಎಂದು ಬರೆಸಿ, ಸರಾಸರಿ ಕಟ್ಟಿ, ಮೂರರಲ್ಲೊಂದು ಪಾಲನ್ನು ಅರಮನೆಗೆ ನಿಗದಿಮಾಡಿದನೆಂದು ಹೇಳಿಕೆ. ಹುಡುಗಿಯ ತಂದೆ ಗಣಿತದ ಪಾಠವನ್ನು ಇದಕ್ಕೆ ಸೇರಿಸಿಕೊಂಡು ಎರಡು ವಾರ ಸರಾಸರಿಯ ಲೆಕ್ಕ ಮಾಡಿಸಿದರು. 1763ರಲ್ಲಿ ಹೈದರನು ಬಿದನೂರನ್ನು ಗೆದ್ದು ಹೈದರನಗರವೆಂದು ಕರೆದನು. ಆ ನಗರದ ಸೀಮೆಯ ರೈತರೇ 1830ರಲ್ಲಿ ಕಂದಾಯ ಕೊಡೆವೆಂದು ಕೂಟ ಕಟ್ಟಿದರು, ಮರುವರ್ಷ ಮೈಸೂರಿನ ಆಡಳಿತವನ್ನೇ ಇಂಗ್ಲಿಷರು ಕೈಗೆ ತೆಗೆದುಕೊಂಡರು. ಅಲ್ಲಿಂದ ಮುಂದಕ್ಕೆ ಹೊರಟರೆ 1951ರ ಕಾಗೋಡು.

ಕಾಗೋಡು ಸಾಗರ ತಾಲ್ಲೂಕಿನ ಹಳ್ಳಿ. ಒಡೆಯರು ಗೇಣಿ ಅಳೆದುಕೊಳ್ಳುವ ಕೊಳಗ ದೊಡ್ಡದೆಂಬುದು ಅಲ್ಲಿನ ಗೇಣಿದಾರರ ಮುಖ್ಯ ದೂರುಗಳಲ್ಲಿ ಒಂದು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು; ಶಾಂತವೇರಿ ಗೋಪಾಲಗೌಡರು ಜೊತೆಗೂಡಿದರು; ರಾಮಮನೋಹರ ಲೋಹಿಯಾ ಅವರು ಬಂದು ಬಂಧಿತರಾದರು. ಒಂದು ಮರದ ಅಳತೆಯ ಪಾತ್ರೆಯ ಒಳಗಿನ ಜಾಗ ಎಷ್ಟು ಎಂಬ ಪ್ರಶ್ನೆ ದೇಶದ ಕಿವಿಗೆ ಬಿದ್ದಿತು. 1961ರ ಭೂಸುಧಾರಣಾ ಶಾಸನಕ್ಕೆ ಆದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿಪದ್ಧತಿ ಕೊನೆಗಂಡಿತು. ಈ ಅನುಕ್ರಮದಲ್ಲಿ ನೋಡಿದಾಗ ಬಳ್ಳಿಗಾವಿಯ ಕೊಳಗಕ್ಕೆ ಬೇರೊಂದು ತೂಕ ಬಂದುದನ್ನು ನಾನೇ ಕಂಡುಕೊಂಡೆ. ಇಪ್ಪತ್ತು ವರ್ಷ ಶಾಸನ ಪಾಠ ಹೇಳಿದರೂ 'ದತ್ತಿ' ಎಂಬ ಪದದ ಹಿಂದೆ ಗದ್ದೆಯ ಕೆಸರಿನಲ್ಲಿ ನಿಂತವನನ್ನು ನಾನು ಕೇಳಿರಲಿಲ್ಲ.

ಈಗ ನನ್ನ ಪಾಠಪಟ್ಟಿ ಬೇರೆಯಾಗಿದೆ. ವರ್ಷಕ್ಕೆ ಸುಮಾರು 40 ಭಾನುವಾರಗಳು ಕೈಗೆ ಸಿಗುತ್ತವೆ. ಕಲ್ಯಾಣದವರೆಗೆ 12, ಹೊಯ್ಸಳ ವಿಜಯನಗರಗಳಿಗೆ 8, 1565ರಿಂದ ಈಚೆಗೆ 20. ಇದನ್ನು ಯಾರ ಮೇಲೂ ಹೇರುವ ಆಸೆ ನನಗಿಲ್ಲ. ವಿಜಾಪುರದ ಮಗುವಿಗೆ ಕೊಳಗದ ಬದಲು ತಾಜ್ ಬಾವಡಿಯ ನೀರು ದಾರಿಯಾಗಬಹುದು, ಮಂಡ್ಯದ ಮಗುವಿಗೆ ಚಿಕ್ಕದೇವರಾಜರ ನಾಲೆಯಿಂದ 1911ರಲ್ಲಿ ಮೊದಲಾದ ಕನ್ನಂಬಾಡಿ ಕಟ್ಟೆಯವರೆಗೆ ಹರಿದ ಕಾವೇರಿ. ಸಾಗರವೆಂಬ ಊರಿನ ಹೆಸರೇ ಸದಾಶಿವನಾಯಕನು ಕಟ್ಟಿಸಿದ ಕೆರೆಯಿಂದ ಬಂದುದೆಂದು ಹೇಳುತ್ತಾರೆ. ಆ ಕೆರೆಯನ್ನು ದಿನವೂ ದಾಟಿಹೋಗುವವರಲ್ಲಿ ಎಷ್ಟು ಜನ ಅದನ್ನು ತಾಳಗುಂದದ ಕೆರೆಯ ತಮ್ಮನೆಂದು ಎಣಿಸಿದ್ದಾರೆ?

ಕಷ್ಟಗಳು ಇಲ್ಲವೆಂದಲ್ಲ. ಟಿಪ್ಪುವಿನ ಪಾಠ ಮೂರು ವಾರ ಹಿಡಿಯಿತು. ಒಂದು ವಾರ ನನ್ನ ತಂಗಿ ಮುಖ ಬಿಗಿದುಕೊಂಡೇ ಕಾಫಿ ತಂದಿಟ್ಟಳು. ಹುಡುಗಿ ಮಾತ್ರ ಎರಡೂ ಕಡೆಯ ಮಾತನ್ನು ತನ್ನ ಪುಸ್ತಕದ ಎದುರುಬದುರು ಪುಟಗಳಲ್ಲಿ ಬರೆದುಕೊಂಡು, ಯಾವುದಕ್ಕೆ ಯಾವ ಕಾಗದದ ಆಧಾರವಿದೆಯೆಂದು ಕೇಳುತ್ತ ಹೋದಳು. ಶಾಸನಗಳನ್ನು ಓದಿದ ಬುದ್ಧಿ ಅದು. ಆಧಾರ ಕೇಳುವ ಅಭ್ಯಾಸವನ್ನು ಜಗಳವಿಲ್ಲದ ಕಾಲದಲ್ಲಿ ಕಲಿತು ಜಗಳವಿರುವ ಕಾಲದಲ್ಲಿ ಬಳಸುವುದಾದರೆ, ಪ್ರಾಚೀನಕ್ಕೆ ಕೊಟ್ಟ ಭಾನುವಾರಗಳು ವ್ಯರ್ಥವಾದುವೆಂದು ನಾನು ಕೊರಗಬೇಕಾಗಿಲ್ಲ. ನನ್ನ ಕೊರಗು ಬೇರೆ.

ಕಳೆದ ಭಾನುವಾರ ಆ 1945ರ ಚೀಟಿಯನ್ನು ಅವಳು ಪೂರ್ತಿ ಓದಿದಳು. ಬರವಣಿಗೆ ಮೋಡಿಯಂತೆ ಹರಿದಿದ್ದರೂ ಪಟ್ಟುಹಿಡಿದು ಬಿಡಿಸಿದಳು. ಎಷ್ಟು ಖಂಡುಗ, ಎಷ್ಟು ಕೊಳಗ, ಯಾವ ತಿಂಗಳೊಳಗೆ ಅಳೆದುಕೊಡತಕ್ಕದ್ದು ಎಂಬುದೆಲ್ಲ ಅದರಲ್ಲಿದೆ. ಓದಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ದೊಡ್ಡಮ್ಮ, ಎಷ್ಟು ಕೊಳಗ ಅಂತ ಬರೆದಿದೆ. ಆ ಕೊಳಗ ಎಷ್ಟು ದೊಡ್ಡದು ಅಂತ ಬರೆದೇ ಇಲ್ಲವಲ್ಲ" ಎಂದಳು.

ಬರೆದಿಲ್ಲ. ಅಜ್ಜನಿಗೆ ಗೊತ್ತಿದ್ದೀತು; ಭತ್ತ ಅಳೆಯುವಾಗ ಅಪ್ಪನ ಪಕ್ಕದಲ್ಲಿ ನಿಂತ ಹುಡುಗ ಅವರು. ಈಗ ಆ ಜಗಲಿಯ ಕೊನೆ ಖಾಲಿ. ಆದರೆ ಹುಡುಗಿ ನನಗಿಂತ ಚುರುಕು. ಮುಳುಗಡೆಯಾಗಿ ಬಂದ ಇನ್ನೊಬ್ಬ ಅಜ್ಜಿ ಹೊಳೆಯ ಈಚೆಯ ಕೇರಿಯಲ್ಲಿ ಇದ್ದಾರಂತೆ, ಕಿವಿ ಮಂದ, ನೆನಪು ಚೆನ್ನಾಗಿದೆಯಂತೆ. ಅವರ ಮನೆಯ ಅಟ್ಟದ ಮೇಲೆ ಹಳೆಯ ಕೊಳಗವೊಂದು ಇರಲೂಬಹುದಂತೆ. ಬರುವ ಭಾನುವಾರ ಅಲ್ಲಿಗೆ ಹೋಗುವುದೆಂದು ಗೊತ್ತುಮಾಡಿದ್ದೇವೆ. ಅಳೆದು ನೋಡಲು ಒಂದು ಸೇರು ಅಕ್ಕಿಯನ್ನೂ ಕೊಂಡೊಯ್ಯಬೇಕೆಂದು ಅವಳ ಹಟ. ಆ ವಾರಕ್ಕೆ ಗೊತ್ತಾಗಿದ್ದ ವಿಜಯನಗರದ ಪಾಠವನ್ನು ಮುಂದಿನ ವಾರಕ್ಕೆ ಹಾಕಿದ್ದೇನೆ.